ಉಸಿರು ಬಿಡಿಸುವ ಲೋರ್ನಾ

ಬೆಳಗಿನ ಜಾವ. ಅಮೆರಿಕದ ಡುಲೂತ್ ಊರಿನ ಗುಡ್ಡದ ಮೇಲೆ, ಬಾಗಿಲು ಮುಚ್ಚಿ ವರ್ಷಗಳೇ ಆದ ಮಾಲ್‌ನ ಮುಂದಿನ ಬಯಲಲ್ಲಿ ಏಳೆಂಟು ಜನ ನಿಂತ ಬೈಕುಗಳ ಮೇಲೆ ಕಣ್ಣು ಮುಚ್ಚಿ ಕುಳಿತಿದ್ದಾರೆ. ಎಂಜಿನ್ ಆಫ್. ಕೆಳಗಿನ ಸರೋವರದಿಂದ ಎದ್ದ ಮಂಜು ಹ್ಯಾಂಡಲ್ ತನಕ ಏರಿದೆ. ಅಷ್ಟೂ ಜನರ ಉಸಿರು ಒಟ್ಟಿಗೆ ಒಳಹೋಗಿ ಒಟ್ಟಿಗೆ ಹೊರಬರುತ್ತದೆ. ಸುಳ್ಳೇಕೆ ಹೇಳಲಿ, ಇವರ ಬಗ್ಗೆ ಬರೆಯಲು ಬಂದ ನನಗಂತೂ ಮೈ ಜುಮ್ಮೆನ್ನುತ್ತದೆ.

ಅವರ ನಡುವೆ ಓಡಾಡುತ್ತಾ ಒಬ್ಬೊಬ್ಬರ ಹೆಗಲು ಒತ್ತಿ ಇಳಿಸುತ್ತಿರುವವರು ಲೋರ್ನಾ ಹೌಕಲಾ. ವಾರವಿಡೀ ಶಾಲೆಯ ಅಡುಗೆಮನೆಯಲ್ಲಿ ದುಡಿದು, ಶನಿವಾರ ಭಾನುವಾರ ಇಲ್ಲಿ ಬೈಕ್ ಕಲಿಸುತ್ತಾರೆ.

"ಬೈಕ್ ಕಲಿಯೋಕೆ ಬಂದ್ರೆ ಮೂಗು ಹಿಡ್ಕೊಂಡು ಕೂರು ಅಂತೀರಲ್ಲ ಟೀಚರಮ್ಮ, ನಾನೇನು ಸನ್ಯಾಸಿ ಆಗ್ಬೇಕಾ?" ಎನ್ನುತ್ತಾರೆ ನಿವೃತ್ತ ಹಡಗುಕಟ್ಟೆ ಕೆಲಸಗಾರ ಅರ್ಲ್.

"ಸನ್ಯಾಸಿ ಆಗೋದು ಬೇಡ ಮಾರಾಯ್ರೇ, ಸಂಜೆ ನೆಟ್ಟಗೆ ಮನೆ ಸೇರಿದ್ರೆ ಸಾಕು!"

ಲೋರ್ನಾ ಅವರ ತಮ್ಮ ಆರ್ವೋ ವರ್ಷಗಳ ಹಿಂದೆ ಒಂದು ಸಂಜೆ ಮನೆ ಸೇರಲಿಲ್ಲ. ಸರೋವರದ ದಡದ ರಸ್ತೆಯ ತಿರುವಿನಲ್ಲಿ ಗಾಬರಿಯಾಗಿ, ಉಸಿರು ಕಟ್ಟಿ, ಅಂಚಿನ ಕಬ್ಬಿಣದ ತಡೆಯನ್ನೇ ನೋಡುತ್ತಾ ಅದಕ್ಕೇ ಹೋಗಿ ಬಡಿದು ತೀರಿಕೊಂಡ. ಕಣ್ಣು ಹೋದ ಕಡೆಗೇ ಬೈಕು ಹೋಗುತ್ತದೆ. ಹೆದರಿದವನ ಕಣ್ಣು ಹೆದರಿಸಿದ್ದನ್ನು ಬಿಡುವುದಿಲ್ಲ.

"ಅವನಿಗೆ ಕಲಿಸಿದ್ದು ನಾನೇ. ಗೇರು, ಬ್ರೇಕು ಎಲ್ಲಾ ಹೇಳ್ಕೊಟ್ಟೆ. ಉಸಿರು ಬಿಡೋದು ಹೇಳ್ಕೊಡ್ಲಿಲ್ಲ," ಎನ್ನುತ್ತಾರೆ ಲೋರ್ನಾ. ಆಮೇಲೆ ಬೆನ್ನುನೋವಿಗೆಂದು ಯೋಗಕ್ಕೆ ಸೇರಿದಾಗ, ಬೆನ್ನು ತಿರುಚುವ ಆಸನದಲ್ಲಿ ಗೊತ್ತಾಯಿತು: ಉಸಿರು ಬಿಗಿಹಿಡಿದರೆ ಕುತ್ತಿಗೆ ತಿರುಗುವುದಿಲ್ಲ, ಬಿಟ್ಟರೆ ತಾನಾಗಿಯೇ ತಿರುಗುತ್ತದೆ. ಅಂದಿನಿಂದ ಇಲ್ಲಿ ಮೊದಲು ಉಸಿರು, ಆಮೇಲೆ ಕೀಲಿ.

ಇನ್ನೊಂದು ಸಂಗತಿಯನ್ನು ಅವರು ಯಾರಿಗೂ ಹೇಳುವುದಿಲ್ಲ; ನನಗೆ ಹೇಳಿದ್ದು ಅರ್ಲ್. ಕಾಫಿ ಹೊತ್ತಿನಲ್ಲಿ ಯಾರಾದರೊಬ್ಬರು ಕೇಳುತ್ತಾರಂತೆ, "ಆ ತುದೀಲಿ ನಿಂತು ಹೇಳ್ಕೊಡ್ತಾರಲ್ಲ, ಇನ್ನೊಬ್ಬ ಮೇಷ್ಟ್ರು, ಯಾರವರು?" ಇಲ್ಲಿ ಇನ್ನೊಬ್ಬ ಮೇಷ್ಟ್ರು ಇಲ್ಲ. ಲೋರ್ನಾ ಕಾಫಿ ಬಗ್ಗಿಸುತ್ತಾ ಮಾತು ಮರೆಸುತ್ತಾರೆ.

ಇವತ್ತು ಕಲಿಯಲು ಬಂದವರಲ್ಲಿ ಆರ್ವೋನ ಮಗಳು ಟಿಲ್ಡಾ ಇದ್ದಾಳೆ. ಅವಳ ಹೆಲ್ಮೆಟ್ಟಿನ ಪಟ್ಟಿಯನ್ನು ಲೋರ್ನಾ ಮತ್ತೆ ಮತ್ತೆ ಎಳೆದು ನೋಡುತ್ತಾರೆ. ಈ ಹುಡುಗಿಗೂ ಏನಾದರೂ ಆದರೆ ಅವರು ಉಳಿಯುವುದಿಲ್ಲ.

ಅಭ್ಯಾಸದ ಸುತ್ತಿನ ಕೊನೆಯ ತಿರುವು, ಬಯಲಿನ ಆ ತುದಿಯಲ್ಲಿ. ಟಿಲ್ಡಾಳ ಕಣ್ಣು ದೀಪದ ಕಂಬಕ್ಕೆ ಅಂಟಿಕೊಳ್ಳುತ್ತದೆ. ಬೈಕು ಅತ್ತಲೇ ವಾಲುತ್ತದೆ. "ತಲೆ ತಿರುಗಿಸೇ!" ಎಂದು ಲೋರ್ನಾ ಈ ತುದಿಯಿಂದ ಕಿರುಚುತ್ತಾ ಓಡುತ್ತಾರೆ. ಹೆಲ್ಮೆಟ್ಟು, ಎಂಜಿನ್ನು, ಆ ದೂರಕ್ಕೆ ಕೇಳುವ ಮಾತೇ ಇಲ್ಲ. ಕಂಬಕ್ಕೆ ಒಂದು ಮೊಳ ಇರುವಾಗ ಹುಡುಗಿಯ ತಲೆ ತಿರುಗುತ್ತದೆ. ಹಿಂದೆಯೇ ಬೈಕೂ ತಿರುಗುತ್ತದೆ.

ಹೆಲ್ಮೆಟ್ ತೆಗೆದ ಅವಳ ಮುಖ ಬಿಳಿಚಿಕೊಂಡಿದೆ.

"ಅತ್ತೆ, ನೀವು ಅಲ್ಲಿದ್ರಿ. ನನ್ನ ಹಿಂದೆ ಕೂತು 'ಉಸಿರು ಬಿಡು ಮಗಳೇ' ಅಂದಿದ್ಯಾರು?"

ಲೋರ್ನಾ ಬೈಕಿನ ಹಿಂದಿನ ಸೀಟಿನ ಮೇಲೆ ಕೈಯಿಡುತ್ತಾರೆ. ನಾನೂ ಮುಟ್ಟಿ ನೋಡುತ್ತೇನೆ. ಇಡೀ ಬೈಕು ಮಂಜಿನಲ್ಲಿ ತೊಯ್ದಿದೆ. ಆ ಸೀಟು ಮಾತ್ರ ಒಣಗಿದೆ, ಬೆಚ್ಚಗೂ ಇದೆ.

ಎಲ್ಲರೂ ಹೋದ ಮೇಲೆ, ನಿಮಗೆ ಏನಾದರೂ ಆಸೆ ಇದೆಯಾ ಎಂದು ಕೇಳುತ್ತೇನೆ. ಲೋರ್ನಾ ಖಾಲಿ ಬಯಲಿನ ಆ ತುದಿಯನ್ನೇ ನೋಡುತ್ತಾರೆ.

"ಕಂಡೋರಿಗೆಲ್ಲಾ ಹೇಳ್ಕೊಡ್ತಾನೆ. ಇಷ್ಟು ವರ್ಷದಿಂದ ಇಲ್ಲೇ ನಿಂತಿದೀನಿ, ನನ್ ಹತ್ರ ಒಂದು ಮಾತೂ ಆಡಿಲ್ಲ. ಕೋಪ ಇದ್ರೆ ಬೈಲಿ, ಪರ್ವಾಗಿಲ್ಲ. ಒಂದ್ಸಲ ಅಕ್ಕಾ ಅನ್ಲಿ, ಅಷ್ಟೇ."