ವಾಂಡಿವಾಷ್ ಗೆದ್ದ ಶೇಷಾದ್ರಿ

ಕಳೆದ ಚಳಿಗಾಲದಲ್ಲಿ ತೀರಿಕೊಂಡ ನಮ್ಮ ಶೇಷಾದ್ರಿ ಸ್ವೀಡನ್ನಿನ ಸೋಡರ್‌ಟೆಲ್ಯೆ ಊರಿನ ಲಾರಿ ಕಾರ್ಖಾನೆಯಲ್ಲಿ ಗೇರ್‌ಬಾಕ್ಸ್ ಎಂಜಿನಿಯರ್. ಶನಿವಾರ ಬಂತೆಂದರೆ ಫ್ರೆಂಚ್ ಸೇನಾಪತಿ. ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ, ೧೭೬೦ರಲ್ಲಿ ಫ್ರೆಂಚರು ಇಂಗ್ಲಿಷರಿಗೆ ಸೋತು ಮುಂದೆ ಪುದುಚೇರಿಯನ್ನೂ ಕಳೆದುಕೊಂಡ ವಾಂಡಿವಾಷ್ ಕದನವನ್ನು ಗೆಳೆಯ ಬದರಿನಾಥನೊಡನೆ ಮೇಜಿನ ಮೇಲೆ ಹೊಸದಾಗಿ ಕಾದಾಡುತ್ತಿದ್ದ. ದಾಳ ಉರುಳಿಸಿ ಮುನ್ನುಗ್ಗುವ ಆಟ. ತವರದ ಸೈನಿಕರು ದುಬಾರಿಯೆಂದು ಹೆಂಡತಿ ಭಾನುಮತಿಯೇ ಸೇನೆಯನ್ನು ಕರಿದು ಕೊಡುತ್ತಿದ್ದಳು. ಚಕ್ಕುಲಿ ಫ್ರೆಂಚರ ಫಿರಂಗಿ, ಕೋಡುಬಳೆ ಇಂಗ್ಲಿಷರದು. ಸಿಪಾಯಿಗಳು ಮಾತ್ರ ಎರಡೂ ಕಡೆ ಕಡಲೆಬೀಜ.

“ಅವರ ಜಗಳದಲ್ಲಿ ಎರಡು ಕಡೆನೂ ಸತ್ತೋರು ನಮ್ಮೋರೇ ಕಣೋ. ಬೀಜ ಬೇರೆಬೇರೆ ಯಾಕೆ?” ಎನ್ನುತ್ತಿದ್ದ ಶೇಷಾದ್ರಿ.

ಒಮ್ಮೆ ಯೋಚನೆಯ ಭರದಲ್ಲಿ ತನ್ನದೇ ಫಿರಂಗಿಯನ್ನು ತಿಂದುಬಿಟ್ಟ. ಇನ್ನೊಂದು ಇಡಹೋದಾಗ ಬದರಿ ಕೈ ಹಿಡಿದ. “ತಿಂದಿದ್ದು ಹೋಯ್ತು. ಇವತ್ತಿಂದ ಇದೇ ರೂಲ್.”

ವಾರ ವಾರವೂ ಫ್ರೆಂಚರು ಸೋತರು. ೨೦೧೫ರ ಅಕ್ಟೋಬರಿನಲ್ಲಿ ವೈದ್ಯರು ಅವನ ಹೃದಯದ ಆಪರೇಷನ್ನನ್ನು ಒಂದು ಸೋಮವಾರಕ್ಕೆ ಗೊತ್ತುಮಾಡಿದರು. ಅದಕ್ಕೆ ಮುಂಚೆ ಒಂದು ಸಲವಾದರೂ ಗೆಲ್ಲಬೇಕೆಂದು ಶೇಷಾದ್ರಿಗೆ ಹಟ ಹತ್ತಿತು.

“ರೀ, ಇವತ್ತೊಂದಿನ ಬಿಟ್ಕೊಡಿ ಅಂತ ಬದರಿಗೆ ಹೇಳ್ಲಾ?” ಎಂದಳು ಭಾನುಮತಿ.

“ಹೇಳಿದ್ರೆ ಆಪರೇಷನ್‌ಗೇ ಹೋಗಲ್ಲ ನೋಡು.”

ಆಪರೇಷನ್ನಿಗೆ ಮುಂಚಿನ ಆ ಶನಿವಾರವೂ ಮಧ್ಯಾಹ್ನದ ಹೊತ್ತಿಗೆ ಅವನ ಎಡಪಕ್ಕ ಮುರಿದಿತ್ತು. ಬದರಿಯ ಕೋಡುಬಳೆಗಳು ಗುಡ್ಡದ ಮೇಲೆ ಸಾಲಾಗಿ ನಿಂತು ದಾರಿ ಕಟ್ಟಿದ್ದವು. ಮುಖ ಸಪ್ಪೆ ಮಾಡಿಕೊಂಡು ಶೇಷಾದ್ರಿ ಕಾಫಿ ತರಲು ಹೊರಟ, ಬದರಿಯೂ ಹಿಂದೆ ಹೋದ.

ಮರಳಿ ಬಂದಾಗ ಗ್ರಂಥಾಲಯದ ಗುನ್ನೆಲ್ ತನ್ನ ಜೊತೆಯವರೊಂದಿಗೆ ಮೇಜಿನ ಬಳಿ ಫಿಕಾಗೆ, ಅಂದರೆ ಕಾಫಿ ವಿರಾಮಕ್ಕೆ, ನಿಂತಿದ್ದಳು. ಕಾಫಿ ವೇಳೆಯಲ್ಲಿ ಮೇಜಿನ ಮೇಲಿರುವ ತಿಂಡಿ ಎಲ್ಲರಿಗೂ ಸೇರಿದ್ದೆಂಬುದು ಅವರ ರೂಢಿ. ಬಾಗಿಲ ಕಡೆಗಿದ್ದ ಇಂಗ್ಲಿಷ್ ಫಿರಂಗಿಗಳಲ್ಲಿ ಒಂದೂ ಉಳಿದಿರಲಿಲ್ಲ. ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತ ಗುನ್ನೆಲ್, ಬಹಳ ಚೆನ್ನಾಗಿದೆ ಎಂದು ಸ್ವೀಡಿಷಿನಲ್ಲಿ ಹೊಗಳಿದಳು.

“ಮೋಸ! ಇದು ಆಟಾನೇ ಅಲ್ಲ!” ಬದರಿ ಕೂಗಿದ.

“ತಿಂದಿದ್ದು ಹೋಯ್ತು ಕಣೋ. ರೂಲ್ ಯಾರ್ದು?”

ಸ್ವಲ್ಪ ಹೊತ್ತಿನಲ್ಲೇ ಚಕ್ಕುಲಿಗಳು ಗುಡ್ಡ ಹತ್ತಿದವು. ಶೇಷಾದ್ರಿ ಭಾನುಮತಿಗೆ ಫೋನ್ ಮಾಡಿ, “ಪುದುಚೇರಿ ಉಳೀತು ಕಣೇ!” ಎಂದು ಕಿರುಚಿದ.

ಆಪರೇಷನ್ ಚೆನ್ನಾಗಿಯೇ ಆಯಿತು. ನೋಡಲು ಬಂದ ಬದರಿಗೆ ಅವನು ಮೊದಲು ಹೇಳಿದ್ದು, “ಇನ್ಮೇಲೆ ನಂಗೆ ಇಂಗ್ಲಿಷರು.”

“ಯಾಕೋ, ಗೆದ್ದ ಮೇಲೆ ಪಕ್ಷ ಬದಲಾಯಿಸ್ತೀಯಾ?”

“ಪಾಪ, ಅವರ ಫಿರಂಗಿ ಎಲ್ಲಾ ಗುನ್ನೆಲ್ ಹೊಟ್ಟೇಲಿದೆ. ಅವರ ಕಡೆಗೂ ಯಾರಾದ್ರೂ ಬೇಕಲ್ವಾ?”

ಆಮೇಲೆ ಸಿಕ್ಕ ಮೂರು ವರ್ಷವೂ ಅವನು ಇಂಗ್ಲಿಷರ ಕಡೆಯೇ ಆಡಿದ. ತಾನೇ ಸೇನಾಪತಿಯಾಗಿ ಅವರನ್ನೂ ಸೋಲಿಸಿಯೇ ಹೋದ.