ಸೆರಗಿನಲ್ಲಿ ಕಟ್ಟಿಕೊಂಡ ವಾಕ್ಯಗಳು

ನಮ್ಮವ್ವನ ಮೂಗು ಬಹಳ ಚುರುಕು. ಪಕ್ಕದ ಬೀದಿಯಲ್ಲಿ ಯಾರ ಮನೆ ಹಾಲು ಸೀಯುತ್ತಿದೆ ಅಂತ ನಮ್ಮ ಹಿತ್ತಿಲಲ್ಲಿ ನಿಂತು ಹೇಳುತ್ತಿದ್ದಳು. ಓದು ಮಾತ್ರ ಬರುತ್ತಿರಲಿಲ್ಲ. ಕುಣಿಗಲ್ ಕಡೆಯ ಹಳ್ಳಿಯಲ್ಲಿ ಕುರಿ ಕಾಯ್ದುಕೊಂಡು ಬೆಳೆದವಳು. ಮದುವೆಯಾಗಿ ಗುಬ್ಬಿಗೆ ಬಂದ ಮೇಲೆ ಅಪ್ಪನ ಜೊತೆ ತುಮಕೂರಿನ ಚರ್ಚಿಗೆ ಹೋಗತೊಡಗಿದಳು. ಅಲ್ಲಿ ಪ್ರಭುಭೋಜನದ, ಅಂದರೆ ಯೇಸುವಿನ ಕೊನೆಯ ಊಟದ ನೆನಪಿಗೆ ಹಂಚುವ, ರೊಟ್ಟಿ ಸಿಗಬೇಕಾದರೆ ಮೊದಲು ಸಭೆಯ ಹಿರಿಯರ ಮುಂದೆ ಬೈಬಲಿನ ಐದು ವಾಕ್ಯ ಬಾಯಿಪಾಠ ಒಪ್ಪಿಸಬೇಕಿತ್ತು. ಅವ್ವ ಎರಡು ಸಲ ನಿಂತು ಎರಡು ಸಲವೂ ತಡವರಿಸಿ ಬಂದಿದ್ದಳು. ಎಲ್ಲರೂ ರೊಟ್ಟಿಗೆಂದು ಎದ್ದು ಹೋದಾಗ ಹಿಂದಿನ ಬೆಂಚಿನಲ್ಲಿ ಒಬ್ಬಳೇ ಕೂತು ಅವರಿವರ ಕೂಸುಗಳನ್ನು ಎತ್ತಿಕೊಂಡಿರುತ್ತಿದ್ದಳು. ಅದನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು.

ಎಪ್ಪತ್ತರ ದಶಕದ ಕೊನೆ, ನನಗೆ ಹತ್ತು ವರ್ಷ. ಮೂರನೇ ಸಲಕ್ಕೆ ನಾನೇ ಮೇಷ್ಟರಾದೆ. ದೇವರೇ ನನ್ನ ಕುರುಬ ಎನ್ನುವ ವಾಕ್ಯವನ್ನು ಎಷ್ಟು ಸಲ ಹೇಳಿಕೊಟ್ಟರೂ ಅರ್ಧಕ್ಕೇ ನಿಲ್ಲುತ್ತಿತ್ತು. ಒಂದು ದಿನ ಕುರಿಯ ವಾಸನೆಯ ಹಳೇ ಕಂಬಳಿಯನ್ನು ಬಿಸಿಲಿಗೆ ಹಾಕುತ್ತಾ ಅದನ್ನು ಮೂಗಿಗೆ ಹಿಡಿದವಳು, ನಾನು ಕೇಳದಿದ್ದರೂ, ಆ ವಾಕ್ಯವನ್ನು ಪಟಪಟನೆ ಪೂರ್ತಿ ಹೇಳಿಬಿಟ್ಟಳು. ಇಬ್ಬರೂ ಮುಖ ಮುಖ ನೋಡಿಕೊಂಡೆವು.

ಆಮೇಲೆ ಅಡುಗೆಮನೆಯೇ ನಮ್ಮ ಸ್ಕೂಲು. ದೀಪದ ವಾಕ್ಯಕ್ಕೆ ಹರಳೆಣ್ಣೆಯ ಬತ್ತಿ, ಸಾಸಿವೆ ಕಾಳಿನಷ್ಟು ನಂಬಿಕೆಗೆ ಹುರಿದ ಸಾಸಿವೆ. ಉಪ್ಪಿನ ವಾಕ್ಯ ಬಂದಾಗ ಅವ್ವ, "ಉಪ್ಗೆ ಎಲ್ಲೈತೆ ವಾಸ್ನೆ, ದಡ್ಡಿ?" ಅಂದಳು. ಉಪ್ಪಿನಕಾಯಿ ಜಾಡಿ ಒರೆಸಿದ ಬಟ್ಟೆಯ ಚೂರಿನಿಂದ ಅದನ್ನೂ ದಾಟಿದೆವು. ಉಳಿದದ್ದು ಒಬ್ಬರ ತಪ್ಪನ್ನು ಒಬ್ಬರು ಕ್ಷಮಿಸಬೇಕೆನ್ನುವ ವಾಕ್ಯ. ಉದ್ದನೆಯದು, ಏನು ಮಾಡಿದರೂ ನಾಲಿಗೆಗೆ ಹತ್ತುತ್ತಿರಲಿಲ್ಲ. ಅದಕ್ಕೆ ನಾನು ಇಂಗಿನ ಡಬ್ಬಿ ತೆಗೆದೆ. ತಕ್ಷಣ ಹತ್ತಿತು.

ಆ ಭಾನುವಾರ ಅವ್ವನ ಸೆರಗಿನ ಅಂಚಿನಲ್ಲಿ ಸಾಲಾಗಿ ಐದು ಗಂಟು ಹಾಕಿದೆ. ಮೊದಲನೆಯದು ಕಂಬಳಿಯ ಎಳೆ, ಕೊನೆಯದು ಇಂಗು. ಅಪ್ಪನಿಗೆ ಅಂದು ಕೆಲಸವಿತ್ತು. ಬಸ್ಸು ಹತ್ತಿಸುವಾಗ, "ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಲ್ಲೀತನಕ? ನೋಡೋಣ" ಅಂತ ನಕ್ಕರು. ನನಗೆ ಸಿಟ್ಟು ಬಂತು.

ಇಂಗಿನ ಗುಣ ಗೊತ್ತಿದ್ದೂ ಅದನ್ನು ಅದೇ ಸೆರಗಿಗೆ ಕಟ್ಟಿದ್ದೆನಲ್ಲ, ನನ್ನ ಬುದ್ಧಿಗೆ ಏನು ಹೇಳಲಿ? ಬಸ್ಸಿನ ಸೆಕೆ, ನೂಕಾಟ, ಬೆವರು. ತುಮಕೂರು ತಲುಪುವಷ್ಟರಲ್ಲಿ ಇಡೀ ಸೀರೆ ಇಂಗಿನ ಡಬ್ಬಿಯಾಗಿತ್ತು.

ನಾನು ಪೇಟೆಯ ಹುಡುಗಿಯರ ಜೊತೆ ಮುಂದಿನ ಬೆಂಚಿನಲ್ಲಿ ಕೂತಿದ್ದೆ. ಹಿರಿಯರು, "ಕುರುಬನ ವಾಕ್ಯ ಹೇಳಮ್ಮ" ಅಂದರು. ಅವ್ವ ಮುಖ ಒರೆಸಿಕೊಳ್ಳುವವಳಂತೆ ಮೊದಲ ಗಂಟನ್ನು ಮೂಗಿಗೆ ತಂದಳು. ಬಂದದ್ದು ಕ್ಷಮೆಯ ವಾಕ್ಯ. "ಅದಲ್ಲಮ್ಮ. ಹೋಗಲಿ, ದೀಪದ್ದು ಹೇಳು." ಎರಡನೇ ಗಂಟು. ಮತ್ತೆ ಕ್ಷಮೆಯ ವಾಕ್ಯ. ಉಪ್ಪಿಗೂ ಅದೇ. ಯಾರೋ ಕಿಸಕ್ಕೆಂದರು. "ಸಾರು ಗೀರು ತಂದವ್ರಾ, ಏನಿದು ವಾಸ್ನೆ?" ಎಂದು ಇನ್ನೊಬ್ಬರು.

ನನ್ನ ಪಕ್ಕದಲ್ಲಿದ್ದ, ಚರ್ಚಿಗೆ ಹೊಸದಾಗಿ ಬಂದ ಹುಡುಗಿ ಕಿವಿಯಲ್ಲಿ ಕೇಳಿದಳು. "ಅವ್ರು ನಿಮ್ಮಮ್ಮನಾ?"

"ಅಲ್ಲ," ಅಂದೆ. "ನಮ್ ಪಕ್ಕದ್ಮನೆಯೋರು."

ಅವ್ವನಿಗೆ ಮೂಗಿನಷ್ಟೇ ಕಿವಿಯೂ ಚುರುಕು. ಒಮ್ಮೆ ನನ್ನ ಕಡೆ ನೋಡಿದಳು. ಆಮೇಲೆ ಹಿರಿಯರಿಗೆ ಕೈಮುಗಿದು, ಹಿಂದಿನ ಬೆಂಚಿಗೆ ಹೋಗಿ ಯಾರದೋ ಕೂಸನ್ನು ಎತ್ತಿಕೊಂಡಳು.

ಗುಬ್ಬಿ ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕ ಕೂತಳು. ನನಗೆ ಸತ್ತುಹೋಗಲೇ ಅನ್ನಿಸುತ್ತಿತ್ತು. ಒಂದೊಂದೇ ಗಂಟು ಬಿಚ್ಚಿ ಒಳಗಿದ್ದದ್ದನ್ನು ಹೊರಗೆ ಕೊಡವಿದಳು. ಇಂಗನ್ನು ಮಾತ್ರ ಎಸೆಯಲಿಲ್ಲ. ಅದನ್ನು ಮೂಗಿಗೆ ಹಿಡಿದು, ರಸ್ತೆ ನೋಡುತ್ತಾ, ಆ ಉದ್ದನೆಯ ವಾಕ್ಯವನ್ನು ಒಂದು ಅಕ್ಷರ ತಪ್ಪದೆ ಮೆಲ್ಲಗೆ ಹೇಳಿದಳು. ಅದನ್ನು ಬಾಯಿಪಾಠವಾಗಿ ಹೇಳಿದ್ದಲ್ಲ ಅಂತ ನನಗೆ ಗೊತ್ತಾಯಿತು. ಊರು ಬರುವವರೆಗೂ ನಾನು ತಲೆ ಎತ್ತಲಿಲ್ಲ.

ಸಂಜೆ ಅದೇ ಇಂಗಿನಿಂದ ಸಾರಿಗೆ ಒಗ್ಗರಣೆ ಬಿತ್ತು. ನಾನು ಜಗಲಿಯ ಮೂಲೆಯಲ್ಲಿ ಕೂತಿದ್ದೆ. ಒಳಗಿಂದ ಅವ್ವ ಕೂಗಿದಳು: "ಏನಮ್ಮ ಪಕ್ಕದ್ಮನೆಯವ್ಳೇ, ಮುದ್ದೆ ಆರೋಗ್ತೈತೆ, ತಟ್ಟೆ ತಗೊಂಡ್ ಬಾರೇ!"

ಅಳು ತಡೆಯಲಾಗಲಿಲ್ಲ. ಅಪ್ಪನಿಗೆ ಏನೂ ಅರ್ಥವಾಗಲಿಲ್ಲ, ಅವ್ವ ಹೇಳಲೂ ಇಲ್ಲ.

ಮರುವರ್ಷ ಅವ್ವ ಗಂಟುಗಳಿಲ್ಲದೆಯೇ ಹಿರಿಯರ ಮುಂದೆ ಹೋಗಿ ನಿಂತಳು. ಇನ್ನೂ ಬಾಯಿ ತೆರೆದಿರಲಿಲ್ಲ, ಒಪ್ಪಿಸುತ್ತಾಳೋ ಇಲ್ಲವೋ ನನಗೂ ಗೊತ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಅದೇ ಹುಡುಗಿ ಏನೂ ಕೇಳಿರಲಿಲ್ಲ. "ಅವ್ರು ನಮ್ಮವ್ವ," ಅಂದೆ, ಇಡೀ ಚರ್ಚಿಗೆ ಕೇಳುವಂತೆ.