ಅತ್ತೆಯನ್ನು ಎತ್ತಲಾಗದ ಭಾನುವಾರ

ಮೊನ್ನೆ ಒಂದು ಭಾನುವಾರ ನಮ್ಮತ್ತೆಯನ್ನು ಎತ್ತಲು ಹೋಗಿ ನಾನೂ ಬಚ್ಚಲುಮನೆಯಲ್ಲಿ ಕುಸಿದು ಕೂತೆ.

ಅತ್ತೆಗೆ ಮಂಡಿನೋವು ಹಳೆಯದು. ಸ್ನಾನ ಮುಗಿಸಿ ಏಳುವಾಗ ಮಂಡಿ ಸೋತು ನೆಲಕ್ಕೆ ಕೂತುಬಿಡುವುದು ಹೊಸದೇನಲ್ಲ. ಮೊದಲೆಲ್ಲ ನಾನು ಹಿಂದಿನಿಂದ ಎರಡೂ ಕಂಕುಳಿಗೆ ಕೈ ಕೊಟ್ಟು ಒಂದೇ ಉಸಿರಿಗೆ ಎತ್ತಿ ನಿಲ್ಲಿಸುತ್ತಿದ್ದೆ. ಜಿಮ್‌ಗೆ ಸೇರಿ ಭಾರ ಎತ್ತಲು ಕಲಿತಿದ್ದೇ ಅದಕ್ಕೆ. (ತೆಳ್ಳಗಾಗಲು ಅಂದುಕೊಂಡವರು ದಯವಿಟ್ಟು ಮೇಲಿನ ನನ್ನ ಫೋಟೊ ನೋಡಿ.)

ಈ ಸಲ ಅರ್ಧ ಎತ್ತಿದೆ. ತೊಡೆ ನಡುಗಿತು. ಎಲ್ಲಿ ಕೈಬಿಡುತ್ತೇನೋ ಎಂಬ ಭಯಕ್ಕೆ ಅವರನ್ನು ಅಪ್ಪಿಕೊಂಡೇ ಕೆಳಗೆ ಕೂತೆ. ಮನೆಯವರು ಶಿರಾದ ಅಂಗಡಿಯಲ್ಲಿದ್ದರು (ಹಾರ್ಡ್‌ವೇರ್‌ಗೆ ಭಾನುವಾರವೇ ವ್ಯಾಪಾರ). ಪಕ್ಕದ ಮನೆಯ ಜಯಮ್ಮನನ್ನು ಕೂಗಿದೆ. ಅವರು ಬರುವತನಕ ಇಬ್ಬರೂ ಒದ್ದೆ ನೆಲದಲ್ಲೇ.

"ಮೊದ್ಲು ಹೂವಿನಂಗೆ ಎತ್ತಿಬುಡ್ತಿದ್ದೆ ಕಣಮ್ಮ. ನಾನೇ ದಪ್ಪ ಆದ್ನೇನೋ," ಅಂದರು ಅತ್ತೆ.

ಅವರು ಇಳಿದೇ ಹೋಗಿದ್ದಾರೆ. ಸೋತಿದ್ದು ನಾನು.

ಆಗಿದ್ದಿಷ್ಟೆ. ಹೋದ ವರ್ಷ ಟೀಚರಾದ ನನಗೆ ಪಾವಗಡದ ಹೈಸ್ಕೂಲಿಗೆ ವರ್ಗವಾಯಿತು. ನಮ್ಮೂರು ಮಧುಗಿರಿಯ ಜಿಮ್‌ನಲ್ಲಿ ಬೆಳಗಿನ ಹೆಂಗಸರ ಬ್ಯಾಚಿಗೂ ಪಾವಗಡದ ಬಸ್ಸಿಗೂ ಒಂದೇ ಟೈಮು. ಜೊತೆಗೆ ಇನ್‌ಚಾರ್ಜ್ ಹೆಡ್‌ಮಿಸ್ಟ್ರೆಸ್ ಪಟ್ಟ. ಜಿಮ್ ಬಿಟ್ಟೆ. ಪರೀಕ್ಷೆ ಮುಗಿಯಲಿ, ಮತ್ತೆ ಹೋದರಾಯಿತು ಎಂದೆ. ದಾಖಲಾತಿ ಮುಗಿಯಲಿ ಎಂದೆ. ಸ್ಕೂಲಿನ ಕೆಲಸ ಎಂದಾದರೂ ಮುಗಿದದ್ದುಂಟಾ? ವರ್ಷವೇ ಉರುಳಿತು.

ಆ ಭಾನುವಾರದ ಮೇಲೆ ಅತ್ತೆಯನ್ನು ನೋಡಿದ ಡಾಕ್ಟರು ಮೂಳೆಗೇನೂ ಆಗಿಲ್ಲ ಎಂದರು. ನನಗೆ ಸಮಾಧಾನವಾಗಲಿಲ್ಲ. ಪಾಠ ಮಾಡುತ್ತಿದ್ದರೂ ಕಿವಿ ಫೋನಿನ ಕಡೆ. ಈಗೇನಾದರೂ ಬಿದ್ದರೆ? ಜಯಮ್ಮ ಮನೆಯಲ್ಲಿಲ್ಲದಿದ್ದರೆ?

ಬುಧವಾರ ಸಂಜೆ ಬಂದು ನೋಡಿದರೆ, ಬೆಳಿಗ್ಗೆ ಅತ್ತೆಯ ಪಕ್ಕ ಇಟ್ಟು ಹೋದ ನೀರಿನ ಚೊಂಬು ತುಂಬಿದ ಹಾಗೇ ಇತ್ತು. ಅವರ ತುಟಿ ಒಣಗಿತ್ತು. ಹುಷಾರಿಲ್ಲವಾ ಎಂದು ಕೇಳಿದೆ. ಮಾತು ಹಾರಿಸಿದರು. ಬಿಡದೆ ಕೇಳಿದ್ದಕ್ಕೆ ಗೋಡೆ ನೋಡುತ್ತಾ ಹೇಳಿದರು:

"ಕುಡುದ್ರೆ ಬಚ್ಲಿಗೆ ಏಳ್ಬೇಕು. ಅಲ್ಲೇ ಕುಂತ್ಬುಟ್ರೆ ನೀನು ಹೆಂಗೆ ಎತ್ತೀಯ? ಅದುಕ್ಕೇ ಬುಟ್ಟೆ ಕಣಮ್ಮ."

ಎದುರೇ ಕೂತು ನೀರು ಕುಡಿಸಿದೆ.

ಮರುದಿನ ಸಂಜೆ ಬಸ್ಸಿಳಿದವಳು ಸೀದಾ ಜಿಮ್‌ಗೆ ಹೋದೆ. ಶಿರಾ ಕಡೆಯ ಟ್ರೈನರ್ ಹುಡುಗಿ ತೂಕ ಹಾಕದ ಖಾಲಿ ರಾಡ್ ಕೈಗೆ ಕೊಟ್ಟು, ಫಿಕರ್ ಬೇಡ ಅಕ್ಕ, ಶಕ್ತಿ ವಾಪಸ್ ಬರುತ್ತೆ ಎಂದಳು. ಬರುತ್ತದೆ, ಸರಿ. ಎಷ್ಟು ದಿನಕ್ಕೆ? ಅಲ್ಲಿಯವರೆಗೆ ಅತ್ತೆಯ ಗತಿ? ಖಾಲಿ ರಾಡನ್ನೇ ನಾಲ್ಕು ಸಲ ಎತ್ತಿ ಕೆಳಗಿಟ್ಟೆ.

ಮನೆಯವರು ಬಚ್ಚಲ ಗೋಡೆಗೆ ಹಿಡಿಕೆ ಹಾಕಿಸಿದ್ದಾರೆ. ನಾನು ದಿನಾ ಸಂಜೆ ಜಿಮ್‌ಗೆ ಹೋಗುತ್ತಿದ್ದೇನೆ. ಆದರೂ ಬಚ್ಚಲ ಬಾಗಿಲು ಸದ್ದಾದರೆ ಮಾಡುತ್ತಿದ್ದ ಕೆಲಸ ಬಿಟ್ಟು ಹೋಗಿ ಹೊರಗೆ ನಿಲ್ಲುತ್ತೇನೆ. ಚೊಂಬನ್ನಂತೂ ಎತ್ತಿ ಎತ್ತಿ ನೋಡುತ್ತೇನೆ.

ನಿಮ್ಮ ಮನೆಯ ಹಿರಿಯರು ದಿನಕ್ಕೆ ಎಷ್ಟು ನೀರು ಕುಡಿಯುತ್ತಾರೆ, ಗೊತ್ತಾ?